ಐದು ಟನ್

ನಾರಿನ್ ನದಿಗೆ ಸೇರುವ ಒಂದು ಹಳ್ಳ,
ಹೆಸರು ಹೇಳಿದರೂ ನೀವು ಮರೆಯುತ್ತೀರಿ.
ಅದರ ಮೇಲೆ ಕಬ್ಬಿಣದ ಸೇತುವೆ,
ಸೇತುವೆಯ ಹಣೆಗೊಂದು ತಗಡು,
ಕೆಂಪು ಉಂಗುರದೊಳಗೆ: ಐದು ಟನ್.

ನಾನು ಬುರುಲ್. ಆಚೆ ದಡದ ಪಂಚಾಯಿತಿಯಲ್ಲಿ
ಇಪ್ಪತ್ತಾರು ವರ್ಷ ಸಾಮಾನಿನ ಲೆಕ್ಕ ಬರೆದವಳು.
ನನ್ನ ವಹಿಯಲ್ಲಿ ಮೊದಲ ಕಾಲಂ ತೂಕ,
ಆಮೇಲೆ ಹೆಸರು. ಬೆಲೆ ಕೊನೆಗೆ.

ಹಾಲಿನ ಟ್ಯಾಂಕರ್ ಎಂಟು ಟನ್. ಬರಲಿಲ್ಲ.
ಬಾರದ್ದಕ್ಕೆ ಕಾದು ಹಾಲು ಹುಳಿಯಿತು.
ಹುಳಿದದ್ದನ್ನು ಹಿಂಡಿ, ಉಪ್ಪು ಬೆರೆಸಿ, ಉಂಡೆ ಕಟ್ಟಿ
ಮಾಡಿನ ಮೇಲೆ ಒಣಹಾಕಿದೆವು: ಕುರುತ್.
ಮೂರನೆಯ ವರ್ಷಕ್ಕೆ ಸಹಕಾರ ಸಂಘ
ಗೋಡೆಗೆ ಬರೆಸಿತು, ‘ಅಜ್ಜಂದಿರ ಕಸುಬು’ ಎಂದು.
ಅಜ್ಜಂದಿರು ಮಾಡುತ್ತಿದ್ದರು, ಸುಳ್ಳಲ್ಲ.
ಮಾರುವುದಕ್ಕಲ್ಲ, ದಾರಿಬುತ್ತಿಗೆ.

ಎಕ್ಸ್‌-ರೇ ಕೋಣೆಯ ಸೀಸದ ಬಾಗಿಲು ಹೊತ್ತ ಲಾರಿ
ಆಚೆ ದಡದಲ್ಲಿ ಎರಡು ದಿನ ನಿಂತು ಹಿಂದಿರುಗಿತು.
ಡಾಕ್ಟರ್ ಸಾದಾತ್ ಎದೆಯ ಮೇಲೆ ಬೆರಳಿಟ್ಟು
ತಟ್ಟಿ ತಟ್ಟಿ ಕೇಳುವುದ ಕಲಿತಳು,
ಸಂತೆಯಲ್ಲಿ ಕಲ್ಲಂಗಡಿ ಆರಿಸುವವಳಂತೆ.
ಜಿಲ್ಲೆಯಿಂದ ಹುಡುಗರು ಬಂದರು ಅವಳಿಂದ ಕಲಿಯಲು.
ಅವಳಿಗೂ ಕೇಳಿಸದ್ದೊಂದಿತ್ತು,
ನನ್ನ ಮಾವನ ಎಡ ಪುಪ್ಪುಸದಲ್ಲಿ.

ಬಸ್ಸು ಖಾಲಿಯಾಗಿಯೇ ದಾಟಬೇಕು.
ನಾವೆಲ್ಲ ಇಳಿದು, ಹಿಂದೆ ಹಿಂದೆ,
ಹೆಣದ ಹಿಂದೆ ನಡೆಯುವವರ ಹಾಗೆ, ನಗುತ್ತ.
ಅಲ್ಲೇ, ನಡುಸೇತುವೆಯಲ್ಲಿ, ಗಾಳಿ ಸ್ಕಾರ್ಫ್ ಎಳೆದಾಗ
ಒಬ್ಬ ನನ್ನ ಚೀಲ ಹಿಡಿದುಕೊಂಡ.
ಸೇತುವೆ ಗಟ್ಟಿಯಿದ್ದಿದ್ದರೆ
ನಾನು ಸೀಟು ಬಿಟ್ಟು ಏಳುತ್ತಿರಲಿಲ್ಲ,
ನನ್ನ ಮೂರು ಮಕ್ಕಳು ಬೇರೆ ಯಾರೋ ಆಗಿರುತ್ತಿದ್ದರು.

ಚಿನ್ನದ ಕಂಪನಿಯವರು ಬಂದರು ಒಮ್ಮೆ,
ತಗಡು ಓದಿ, ಸಿಗರೇಟು ಸೇದಿ, ತಿರುಗಿಹೋದರು.
ಪಕ್ಕದ ಕಣಿವೆಯಲ್ಲೀಗ ಹೊಸ ಶಾಲೆ, ಡಾಂಬರು ರಸ್ತೆ,
ಕುರಿಗಳ ಮೂಗಿನಲ್ಲಿ ಬೂದು ಧೂಳು.
ಆ ತಗಡಿಗೆ ಕೈ ಮುಗಿಯಲೋ, ಉಗುಳಲೋ,
ಇವತ್ತಿಗೂ ತಿಳಿದಿಲ್ಲ ನನಗೆ.

ಹಚ್ಚಡದಷ್ಟೇ ಕಾಲು ಚಾಚು ಅನ್ನುತ್ತಿದ್ದಳು ಅತ್ತೆ.
ಹಚ್ಚಡ ಕತ್ತರಿಸಿದವನು ಯಾರು, ಕೇಳಿರಲಿಲ್ಲ.
ಹಳೆಯ ಕಪಾಟು ಖಾಲಿ ಮಾಡುವಾಗ ಸಿಕ್ಕಿತು
ಪರೀಕ್ಷೆಗೆ ಬಂದ ಇಂಜಿನಿಯರನ ಕಾಗದ:
‘ಒಂಬತ್ತು ಟನ್ ತಾಳುತ್ತದೆ. ಐದು ಎಂದು ಬರೆಯಿರಿ.
ಜನ ಯಾವಾಗಲೂ ಒಂದಿಷ್ಟು ಹೆಚ್ಚೇ ಹೇರುತ್ತಾರೆ.
ಕಳೆದ ವರ್ಷ ಬಿದ್ದ ಸೇತುವೆಗೆ ನನ್ನದೇ ರುಜುವಿತ್ತು.’
ಅವನ ಹಣೆಗೂ ಯಾರೋ ತಗಡು ಬಡಿದಿದ್ದರು, ಪಾಪ.
ಪಾಪ ಅಂದೆ, ಆಮೇಲೆ ಮಾವನ ಕೆಮ್ಮು ನೆನಪಾಗಿ
ಕಾಗದವನ್ನು ಒಲೆಗೆ ಹಾಕಿದೆ.

ಹೋದ ಶರತ್ಕಾಲ ಹೊಸ ಸೇತುವೆ. ನಲವತ್ತು ಟನ್.
ಪಂಚಾಯಿತಿ ಸೇರಿತು. ಹಾಲಿನ ಕಂಪನಿಯ ಪತ್ರ,
ಗಣಿಯವರ ಪತ್ರ, ಎರಡೂ ಮೇಜಿನ ಮೇಲೆ.
ಇಷ್ಟು ವರ್ಷ ಅಧ್ಯಕ್ಷ ಜಿರ್ಗಲ್‌ಬೆಕ್
ಯಾರಿಗೂ ‘ಬೇಡ’ ಅಂದವನಲ್ಲ,
‘ಸೇತುವೆ ಬಿಡುವುದಿಲ್ಲವಲ್ಲ’ ಅಂದರೆ ಮುಗಿಯುತ್ತಿತ್ತು.
ಅವತ್ತು ಬಾಯಿ ತೆರೆದ, ಕಿಟಕಿಯತ್ತ ನೋಡಿದ,
ಚಹಾ ತರಿಸಿದ. ಮತ್ತೆ ಚಹಾ ತರಿಸಿದ.
ಬೇಕು ಅನ್ನಲೂ ಬೇಡ ಅನ್ನಲೂ
ಈಗ ಅವನ ಗಂಟಲೇ ಬೇಕು.
ಸಭೆ ಮುಂದಕ್ಕೆ ಹೋಯಿತು. ಇನ್ನೂ ಹೋಗುತ್ತಲೇ ಇದೆ.

ಬಸ್ಸೀಗ ಜನರನ್ನು ಹೊತ್ತೇ ದಾಟುತ್ತದೆ.
ಅತ್ತೆ ಮಾತ್ರ ಈಚೆಗೇ ಇಳಿಯುತ್ತಾಳೆ, ಕೋಲೂರಿ.
ಡ್ರೈವರ್ ಬೈಯುತ್ತಾನೆ, ಆದರೂ ಆಚೆ ಹೋಗಿ ಕಾಯುತ್ತಾನೆ.

ನಾನೂ ಹೊಸ ವಹಿಗೆ ಗೆರೆ ಎಳೆದೆ ನಿನ್ನೆ.
ಮೊದಲ ಕಾಲಮ್ಮಿಗೆ ಏನು ಹೆಸರಿಡಲಿ ಅಂತ
ತುಂಬಾ ಹೊತ್ತು ಕೂತಿದ್ದೆ.
ಕೈ ತಾನಾಗಿ ಬರೆಯಿತು: ತೂಕ.