ಗಾಳಿಗೆ

ಕಂಕನಾಡಿ ಮಾರ್ಕೆಟಿನ ಹಿಂದೆ, ಮೀನಿನ ಕಟ್ಟೆಗೆ ಬೆನ್ನು ಹಾಕಿ,
ಮೂವತ್ತೊಂದು ವರ್ಷದಿಂದ ಪರದೆ ಹೊಲಿಯುತ್ತೇನೆ.
ರವಿಕೆ ಇಲ್ಲ, ಪ್ಯಾಂಟು ಇಲ್ಲ.
ಅಳತೆ ಕೊಡುವಾಗ ಮೈ ಹೊಟ್ಟೆಯನ್ನು ಒಳಗೆಳೆದುಕೊಳ್ಳುತ್ತದೆ;
ಕಿಟಕಿಗೆ ಆ ವಿದ್ಯೆ ಗೊತ್ತಿಲ್ಲ.

ಅಂಚು ಬಿಟ್ಟಿತು, ಬಳೆ ಕಿತ್ತಿತು ಎಂದು
ಹಳೆಯ ಪರದೆಗಳು ನನ್ನಲ್ಲಿಗೇ ಮರಳುತ್ತವೆ.
ಮೇಜಿನ ಮೇಲೆ ಹರಡಿ ಮೊದಲು ಹುಡುಕುವುದು ಹರಿದದ್ದನ್ನಲ್ಲ,
ಕಲೆಯನ್ನು:
ಒಂದೇ ಜಾಗ, ಒಂದೇ ಎತ್ತರ, ಎರಡು ಬೆರಳು, ಒಂದು ಹೆಬ್ಬೆರಳು,
ತೆಂಗಿನೆಣ್ಣೆ ಕುಡಿದು ಮಿರುಗುವ ಬಟ್ಟೆ.
ಅಲ್ಲಿ ಹಿಡಿದು ಸರಿಸುತ್ತಾರೆ,
ಗೇಣಲ್ಲ, ಅಂಗುಲವೂ ಅಲ್ಲ,
ಒಂದು ಕಣ್ಣಿನಷ್ಟು.

ಲೆತ್ತೀಸಿಯಾ ಬಾಯಿಯ ಗುಲಾಬಿ ಪರದೆಗೆ ಕಲೆ ಸೊಂಟದ ಮಟ್ಟದಲ್ಲಿ;
ಕುರ್ಚಿ ಹಾಕಿಯೇ ಕೂರುತ್ತಾರೆ ಅಂತಾಯಿತು.
ಎದುರು ಬಾಡಿಗೆಗಿರುವ ನರ್ಸು ರಾತ್ರಿ ಪಾಳಿ ಮುಗಿಸಿ
ಯಾರ ಬೈಕಿನಿಂದ ಇಳಿದಳೆಂಬುದು
ಆದಿತ್ಯವಾರದ ಪೂಜೆಗೆ ಮೊದಲೇ
ಇಗರ್ಜಿಯ ಮೆಟ್ಟಿಲು ಹತ್ತುವುದು ಹೀಗೆ.

ವಾಮನ ಕಿಣಿ ಮಾಸ್ತರರದ್ದು ನಶ್ಯದ ಕಂದು.
ಜೀವಮಾನವಿಡೀ ವ್ಯಾಕರಣ ಕಲಿಸಿದ ಬೆರಳು;
ಪಕ್ಕದ ಮನೆಗೆ ಬಂದ ಪಾರ್ಸೆಲು
ಏಕವಚನವೋ ಬಹುವಚನವೋ
ತಿಳಿಯದೆ ಅವರಿಗೆ ಮಧ್ಯಾಹ್ನದ ನಿದ್ದೆ ಇಲ್ಲ.

ಜಲಜಾಕ್ಷಕ್ಕ ಬೆರಳಿಗೆ ಸೆರಗು ಸುತ್ತಿ ಸರಿಸುತ್ತಾರೆ.
ಕಲೆ ಇಲ್ಲ, ನೂಲು ಸವೆದಿದೆ.
"ನಂಗೆಂತಕ್ಕೆ ಮಾರಾಯ ಕಂಡವರ ಉಸಾಬರಿ" ಎಂದು ಶುರುಮಾಡಿದರೆ
ನನ್ನ ಚಹಾ ಆರಿ, ಮೇಲೆ ಕೆನೆ ಕಟ್ಟಿ,
ಆ ಕೆನೆಗೆ ನೊಣ ಬಂದು ಕೂತು,
ಅದೂ ಎಲ್ಲ ಕೇಳಿಸಿಕೊಂಡು ಹೋಗುತ್ತದೆ.
ನಮ್ಮೂರಿನ ನೀರುದೋಸೆಗೆ ಮೈಯೆಲ್ಲ ತೂತು,
ಆದರೂ ಎಣಿಸುವವರಿಗೆ ಬರವಿಲ್ಲ.

ಹೊಸದು ಹೊಲಿಸುವಾಗ ಎಲ್ಲರದ್ದೂ ಒಂದೇ ಮಾತು:
"ಬೀದಿ ಬದಿಯದ್ದು ಮೂಲೆಯಲ್ಲಿ ಚೂರು ಗಿಡ್ಡ ಇರಲಿ, ಗಾಳಿಗೆ."
ಪಾಪ, ಈ ಕಡಲ ಗಾಳಿಯ ಮೇಲೆ
ಎಷ್ಟು ಮನೆಯ ಅಪವಾದ!

ನಾನೂ ಸಾಚಾ ಅಲ್ಲ.
ಅವರು ಬೀದಿಯನ್ನು ಓದುತ್ತಾರೆ, ನಾನು ಅವರ ಬೆರಳನ್ನು.
ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡಿರುವುದರಿಂದ
ಯಾರಿಗೂ ಹೇಳುವುದಿಲ್ಲ, ಅಷ್ಟೇ.

ಮೊನ್ನೆ ಸುಗಂಧಿ ನಮ್ಮದೇ ಮನೆಯ ಪರದೆ ಇಳಿಸಿದಳು.
ಹೊಲಿಯುವವನ ಮನೆಯ ಪರದೆ ಅಂದರೆ ಉಳಿದ ತುಂಡುಗಳ ಜೋಡಣೆ,
ಮಾಸ್ತರರ ನೀಲಿ, ಬಾಯಿಯ ಗುಲಾಬಿ.
ಕಲೆ ಅಲ್ಲೂ ಇತ್ತು.
ಒಳಮೈಯಲ್ಲಲ್ಲ, ಹೊರಮೈಯಲ್ಲಿ.
ಯಾರೋ ಸರಳಿನ ನಡುವೆ ಬೆರಳು ತೂರಿಸಿ
ನಮ್ಮನ್ನು ನೋಡಿದ್ದಾರೆ.
ಒಂದು ಸಲವಲ್ಲ; ಎಣ್ಣೆ ಇಷ್ಟು ಇಳಿಯಲು
ತಿಂಗಳುಗಳು ಬೇಕು, ನನಗೆ ಗೊತ್ತುಂಟು.

ಎಂತ ಕಂಡಿರಬಹುದು?
ಎರಡು ಬಟ್ಟಲು ಗಂಜಿ, ನಡುವೆ ಉಪ್ಪಿನಕಾಯಿ ಭರಣಿ,
ನಾನು ಟಿವಿಯ ಕಡೆ, ಅವಳು ಭರಣಿಯ ಕಡೆ.
ಯಾರೋ ನಿಂತು ನೋಡುವಂಥದ್ದು ನಮ್ಮಲ್ಲಿ ಏನುಂಟು!

ಸಿಟ್ಟು ಬರಬೇಕಿತ್ತು.
ದೀಪ ಆರಿಸಿದ ಮೇಲೆ "ಯಾರಿರಬಹುದು?" ಎಂದಳು.
ಒಂದು ಹೆಸರು ಹೇಳಿದೆ. "ಛೆ, ಅಷ್ಟು ಎತ್ತರ ಎಲ್ಲುಂಟು ಅವರು."
ಇನ್ನೊಂದು ಹೇಳಿದೆ. ನಕ್ಕಳು.
ಕತ್ತಲಲ್ಲಿ ಇಡೀ ಓಣಿಯನ್ನು
ಒಬ್ಬೊಬ್ಬರನ್ನಾಗಿ ಕಿಟಕಿಗೆ ತಂದು ನಿಲ್ಲಿಸಿ ಅಳೆದೆವು,
ಗೂಡ್ಸು ರೈಲು ಕೂಗಿ ಹೋಗುವವರೆಗೆ.
ಯಾವ ವರ್ಷದಲ್ಲಿ ಇಷ್ಟು ಮಾತಾಡಿದ್ದೆವೋ ನೆನಪಿಲ್ಲ.

ಮರುದಿನ ಸಂಜೆ ಅವಳು ಅಬ್ಬಲಿಗೆ ಮುಡಿದಿದ್ದಳು.
ಗಂಜಿ ಸ್ಟೀಲು ಬಟ್ಟಲು ಬಿಟ್ಟು ಪಿಂಗಾಣಿಗೆ ಬಂದಿತ್ತು.

ಹೊಸ ಪರದೆ ಹೊಲಿದೆ, ಈ ಸಲ ಇಡಿಯ ಬಟ್ಟೆಯಲ್ಲಿ.
ತೂಗುಹಾಕುವಾಗ ಸ್ಟೂಲು ಹಿಡಿದು ನಿಂತವಳು
ನೆಲ ನೋಡುತ್ತ,
"ಈ ಮೂಲೆ ಚೂರು ಗಿಡ್ಡ ಇದ್ದಿದ್ದರೆ ಒಳ್ಳೆಯದಿತ್ತು" ಎಂದಳು,
"ಗಾಳಿಗೆ."

ಟೇಪು ಕೊರಳಲ್ಲೇ ಇತ್ತು.
ಎಷ್ಟು ಎಂದು ನಾನು ಕೇಳಲಿಲ್ಲ.