ತಾಳೆ

ಬ್ಯಾಂಕಿನಿಂದ ಇಳಿಸಿಕೊಂಡ ಆರು ತಿಂಗಳ ಫೈಲು
ಬಾಗಿಲಲ್ಲೇ ನಿಂತಿತು.
‘ಮೊದಲ ಸಾಲು ಅರ್ಥವಾಗಲಿಲ್ಲ’
ಎಂದಿತು ಮನೆಲೆಕ್ಕದ ಸಾಫ್ಟ್‌ವೇರು.
ತೆರೆದು ನೋಡಿದರೆ
ಬ್ಯಾಂಕಿನ ಹೆಸರು, ಗೋಣಿಕೊಪ್ಪ ಶಾಖೆ, ಫೋನು, ಪಿನ್‌ಕೋಡು
ಎಲ್ಲ ರುಮಾಲಿನ ಹಾಗೆ ತಲೆಗೆ ಸುತ್ತಿಕೊಂಡು ಬಂದಿದೆ.
ಐದು ಸಾಲು ಬಿಚ್ಚಿದೆ. ಒಳಗೆ ಬಂತು.

ಬಂದದ್ದು ಹೇಗೆಂದರೆ,
ಸೆಪ್ಟೆಂಬರ್ ಮೂರಕ್ಕೆ
ಕೈಲ್‌ಪೋಳ್ದ್‌ಗೆಂದು ತಂದ ಹಂದಿ ಮಾಂಸ
ಮಾರ್ಚ್ ಒಂಬತ್ತಕ್ಕೆ ಹೋಗಿ ಕುಳಿತಿದೆ
ಕಾಫಿ ಹೂವಿನ ಕಾಲದಲ್ಲಿ.
ನನ್ನ ಫೈಲಿನಲ್ಲಿ ಮಾರ್ಚೇ ಇಲ್ಲ.
ಎಲ್ಲೋ ಯಾರೋ ತಿಂಗಳನ್ನು ಮುಂದಿಟ್ಟು
ದಿನವನ್ನು ಹಿಂದಿಡುತ್ತಾರಂತೆ.
ಹನ್ನೆರಡನೇ ತಾರೀಕಿನ ತನಕ
ಒಂದು ಸಾಲೂ ಬಾಯಿ ಬಿಡಲಿಲ್ಲ,
ಸುಳ್ಳು ಸುಳ್ಳೇ ಒಳಗೆ ನಡೆದವು.
ಹದಿಮೂರನೆಯದು ಹೊಸ್ತಿಲಲ್ಲಿ ಎಡವಿತು:
ಅಂಥ ತಿಂಗಳಿಲ್ಲವಲ್ಲ.
ಎಡವಿದ್ದಕ್ಕೆ ಅದಕ್ಕೆ ಕೈಮುಗಿದೆ.

ಬೆಲೆ ಏರಲೆಂದು ಇಟ್ಟು ಮಾರಿದ ಒಳ್ಳೆಮೆಣಸು
ಒಂದು ಲಕ್ಷ ಇಪ್ಪತ್ತು ಸಾವಿರ.
ಅಲ್ಪವಿರಾಮ ಸಿಕ್ಕಲ್ಲೆಲ್ಲ ಕತ್ತರಿ ಹಾಕಿ
ಒಂದು ರೂಪಾಯಿ ಎಂದು ಬರೆದುಕೊಂಡಿದೆ,
ಉಳಿದದ್ದು ಪಕ್ಕದ ಮನೆಯಲ್ಲಿ, ಷರಾ ಎಂಬ ಅಂಕಣದಲ್ಲಿ.
ಒಂದು ರೂಪಾಯಿಗೆ ನೂರೆಂಬತ್ತು ಕಿಲೋ!
ನನ್ನ ವ್ಯಾಪಾರಿಯೂ ಅಷ್ಟು ಚೌಕಾಸಿ ಮಾಡಿದವನಲ್ಲ.

ಮೀನಿನ ಕುಂಞಾಲಿ, ಹಾಲಿನ ಲೀಲಕ್ಕ,
ಕನ್ನಡದಲ್ಲಿ ಬರೆದಿಟ್ಟ ಹೆಸರೆಲ್ಲ
ಸಾಲು ಸಾಲು ಪ್ರಶ್ನೆಚಿಹ್ನೆ.
ಯಾರು? ಯಾರು? ಯಾರು? ಎಂದು
ನನ್ನನ್ನೇ ಕೇಳಿದವು.
ಅಕ್ಷರದ ಬಗೆ ಬದಲಿಸಿದ ಮೇಲೆ
ಕುಂಞಾಲಿ ಮೊದಲು ಬಂದ,
ಞ ಕೂಡ ಮುಕ್ಕಾಗದೆ.

ರಾತ್ರಿ ಹನ್ನೊಂದೂವರೆ.
ಎಲ್ಲ ಸರಿಯಾಗಿ ಕೂಡಿಸಿ ನೋಡಿದರೆ
ಬ್ಯಾಂಕಿನಲ್ಲಿರುವುದಕ್ಕಿಂತ ಪರದೆಯಲ್ಲಿ
ಹದಿನೆಂಟು ಸಾವಿರದ ನಾನೂರು ಹೆಚ್ಚು.
‘ಹೆಚ್ಚು ತಾನೇ, ಬಂದು ಮಲಗು’ ಎಂದರು ಮಾಚಯ್ಯ
ಮಗ್ಗುಲು ಬದಲಿಸಿ.
ಇಲ್ಲದ ದುಡ್ಡು ಇದ್ದ ಹಾಗೆ ಕಾಣುವುದು
ಸಾಲಕ್ಕಿಂತ ಕೆಟ್ಟದ್ದು ಎಂದು ಅವರಿಗೆ ಹೇಗೆ ಹೇಳಲಿ?

ನವೆಂಬರಿನಿಂದ ಹಿಂದಕ್ಕೆ ನಡೆದೆ,
ಒಂದೊಂದೇ ತಿಂಗಳ ಕದ ತಟ್ಟುತ್ತ.
ನವೆಂಬರ್ ತಾಳೆ. ಅಕ್ಟೋಬರ್ ತಾಳೆ.
ಕೆಳಗಿನ ಮೆಡಿಕಲ್ ಶಾಪಿನ ಫ್ರಿಜ್ಜು ಗುಂಯ್ಗುಟ್ಟಿ ನಿಂತಿತು, ಕರೆಂಟು ಹೋಯಿತು,
ಲ್ಯಾಪ್‌ಟಾಪಿನಲ್ಲಿ ಇಪ್ಪತ್ತು ನಿಮಿಷದ ಜೀವ.
ಜೂನ್.
ಜೂನಿನ ಬುಡದಲ್ಲಿ ಸಣ್ಣ ಅಕ್ಷರ:
‘ನಕಲು ಎಂದು ಕೈಬಿಟ್ಟ ಸಾಲು, ಒಂದು.’

ಅದೇ ದಿನ, ಅದೇ ಶಾಲೆ, ಅದೇ ಮೊತ್ತ.
ಪೊನ್ನಮ್ಮನ ಫೀಸು.
ಮುತ್ತಮ್ಮನ ಫೀಸು.

ಎರಡು ಸಲ ಕೊಟ್ಟರೂ ಎರಡು ಸಲ ಎಣಿಸದು, ಜಾಣ,
ಎಂದು ನಾನೇ ಹೊಗಳಿದ್ದೆ ಇದನ್ನು.
ಬೈಯಲು ಬಾಯಿ ಬರಲಿಲ್ಲ.
ಪೊನ್ನಂಪೇಟೆಯ ರೇಷನ್ ಕಾರ್ಡಿನ ಗುಮಾಸ್ತರೂ
ಹುಟ್ಟಿದ ದಿನ ಒಂದೇ, ಡುಪ್ಲಿಕೇಟ್ ಎಂದು
ಅರ್ಜಿ ವಾಪಸು ಕಳಿಸಿದ್ದರು.
ಆ ದಿನ ಇಬ್ಬರನ್ನೂ ಕೌಂಟರಿನ ಮೇಲೆ
ಅಕ್ಕಪಕ್ಕ ಕೂರಿಸಿ ತೋರಿಸಿದ್ದೆ.
ಇದಕ್ಕೆ ಏನು ತೋರಿಸುವುದು?

‘ನಕಲಲ್ಲ’ ಎಂಬ ಗುಂಡಿ ಇತ್ತು. ಒತ್ತಿದೆ.
ಷರಾದಲ್ಲಿ ಬರೆದೆ:
ಪೊನ್ನಮ್ಮ, ಎಡಗೈಯಲ್ಲಿ ಬರೆಯುವವಳು.
ಮುತ್ತಮ್ಮ, ಮೊಸರು ಮುಟ್ಟದವಳು, ಏಳು ನಿಮಿಷ ಕಿರಿಯವಳು.

ಬ್ಯಾಟರಿ ಕೆಂಪಾಯಿತು.
ಇನ್ನೂ ಹನ್ನೊಂದು ರೂಪಾಯಿ ಎಲ್ಲೋ ಇದೆ,
ಇರಲಿ.
ಒಳಕೋಣೆಯಲ್ಲಿ ಯಾರೋ ‘ಅವ್ವಾ’ ಎಂದರು.
ಯಾರೆಂದು ದನಿಯಲ್ಲಿ ಗೊತ್ತಾಗಲಿಲ್ಲ, ನನಗೂ.
ಮೊಬೈಲಿನ ಬೆಳಕು ಹಿಡಿದು ಎದ್ದೆ.