ಹದಿಮೂರೆಂಟ್ಲೆ

ಪಂಜರ ಅನ್ನಬೇಡಿ, ಕ್ರೇಟ್ ಅನ್ನಿ, ಅಂದಳು ಇಂಚರ.
ಹನ್ನೊಂದು ವರ್ಷದವಳು, ಈ ವಿಷಯದಲ್ಲಿ ನನ್ನ ಗುರು.
ಬಹುವಚನದ ಬೇಲಿ ಹಾಕಿಕೊಂಡೇ ಮಾತಾಡುತ್ತಾಳೆ.
ನಾನು ಈ ಮನೆಗೆ ಬಂದು ನಾಲ್ಕು ತಿಂಗಳು,
ಮರಿ ಬಂದು ನಾಲ್ಕು ಗಂಟೆ.

ಬೇಲಿಯಾಚೆಯ ಬೆರಿಲ್ ಅಜ್ಜಿ
ತನ್ನ ಶೆಡ್ಡಿನಿಂದ ಎಳೆದು ಕೊಟ್ಟ ಹಳೆಯ ಕ್ರೇಟು.
ಸೋಪು ಹಾಕಿ ತಿಕ್ಕಿದೆ, ಬಿಸಿಲಿಗಿಟ್ಟೆ.
ಡೆವನ್‌ಪೋರ್ಟಿನ ಜುಲೈ ಬಿಸಿಲು, ಹೆಸರಿಗಷ್ಟೆ ಬಿಸಿಲು.
ಆದರೂ ಮರಿ ಬಾಗಿಲಲ್ಲೇ ಮೂಗು ಊರಿ ನಿಂತಿತು:
ಮೂಲೆಯಲ್ಲೆಲ್ಲೋ ಇನ್ನೂ ಉಳಿದಿತ್ತು
ಹಿಂದಿದ್ದ ನಾಯಿಯ ವಾಸನೆ.

ಆ ವಾಸನೆ ನನಗೆ ಗೊತ್ತು.
ಅಡುಗೆಮನೆಯ ಡಬ್ಬಿಗಳ ಮೇಲೆ ಬೇರೆಯವಳ ಕೈಬರಹ.
'ಧನಿಯ' ಎಂದು ದುಂಡಗೆ ಬರೆದ ಡಬ್ಬಿಗೆ
ನಾನು ಇವತ್ತಿಗೂ ಧನಿಯವನ್ನೇ ತುಂಬುತ್ತೇನೆ.
ಮೆಂತ್ಯ ಹಾಕುವ ಧೈರ್ಯ ಬಂದಿಲ್ಲ.

ಬಾಗಿಲು ಮುಚ್ಚಬೇಡಿ, ಅಂದಳು ಇಂಚರ.
ಎರಡು ದಿನ ತೆರೆದೇ ಇರಲಿ,
ಗಾಳಿಗೆ ಬಡಿಯದ ಹಾಗೆ ದಾರ ಕಟ್ಟಿ.
ತಳ್ಳಬೇಡಿ. ಕರೆಯಲೂ ಬೇಡಿ.
ಕೋಳಿಯದೊಂದು ಚೂರು ಒಳಗೆಸೆದು
ಬೇರೆಲ್ಲಾದರೂ ನೋಡ್ತಾ ಇರಿ,
ನಿಮಗೆ ಅದರಿಂದ ಏನೂ ಬೇಡ ಅನ್ನೋ ಥರ.

ನೋಡಿದೆ ಬೇರೆಲ್ಲೋ.
ಸಿಂಕಿನ ಮೇಲಿನ ಕಿಟಕಿ, ಅದರಾಚೆ ನದಿಯ ಬಾಯಿ,
ದೀಪ ಹಚ್ಚಿಕೊಂಡು ಹೊರಟ ಹಡಗು.
ಅದರ ಹೊಟ್ಟೆಯೊಳಗೆ ನನ್ನ ಗಂಡ ತಿಪ್ಪೇಶ
ಮುನ್ನೂರು ಜನಕ್ಕೆ ಈರುಳ್ಳಿ ಹೆಚ್ಚುತ್ತಿರುತ್ತಾನೆ.
ಒಂದು ರಾತ್ರಿ ಆಚೆ ದಡ, ಒಂದು ರಾತ್ರಿ ಈಚೆ.
ಹಿಂದೆ ಕಚಕ್ ಎಂದು ಸಣ್ಣ ಹಲ್ಲಿನ ಸದ್ದು.
ತಿರುಗಿದರೆ ಮುಂಗಾಲೆರಡೂ ಒಳಗೆ,
ಹಿಂಗಾಲೆರಡೂ ಹೊರಗೆ, ಓಡಲು ತಯಾರು.
ಅರ್ಧ ನಾಯಿ ನಮ್ಮದಾಯಿತು.

ಮಾರನೆಯ ದಿನ ನನ್ನ ಹಳೇ ನೈಟಿ ಹರಿದು ಹಾಸಿದೆ.
ವಾಸನೆ ರೂಢಿಯಾಗಲಿ ಅಂತ, ಅಂದೆ.
ಅವಳೇನೂ ಅನ್ನಲಿಲ್ಲ.
ಸಂಜೆ ನೋಡಿದರೆ ನೈಟಿಯ ಪಕ್ಕ
ಶಾಲೆಯ ಕಾಲುಚೀಲ, ಒಂದೇ ಒಂದು.
ಮರಿ ಎರಡರ ಮೇಲೂ ಗದ್ದ ಇಟ್ಟಿತ್ತು,
ಬಾಲ ಮಾತ್ರ ಇನ್ನೂ ಹೊರಗೆ.

ಮೂರನೆಯ ರಾತ್ರಿ ಚಿಲಕ ಹಾಕಿದೆವು.
ಎರಡು ಗಂಟೆಗೆ ಶುರುವಾಯಿತು,
ತಂತಿಯಷ್ಟು ತೆಳ್ಳಗಿನ ಅಳು.
ಹೋಗಬೇಡ, ಒಮ್ಮೆ ಹೋದರೆ ದಿನಾ ಕರೆಯುತ್ತೆ, ಅಂದಿದ್ದಳು ಬೆರಿಲ್.
ದಿನಾ ಕರೆದರೆ ಕರೆಯಲಿ ಎಂದು ಎದ್ದೆ.
ಹಿತ್ತಲ ಹುಲ್ಲಿಗೆ ಒಯ್ದೆ, ಇಬ್ಬನಿಯಲ್ಲಿ ನಡುಗುತ್ತಾ ಒಂದು ತೊಟ್ಟು ಉಚ್ಚೆ.
ಮತ್ತೆ ಒಳಗೆ, ಮತ್ತೆ ಅಳು.

ಅಡುಗೆಮನೆಯ ನೆಲದಲ್ಲಿ ಒರಗಿ
ಕಂಬಿಯ ಸಂದಿಗೆ ಬೆರಳು ತೂರಿಸಿದೆ.
ತೊಟ್ಟಿಲು ತೂಗಿದವಳಲ್ಲ ನಾನು, ಜೋಗುಳ ಬಾರದು.
ಬಾಯಿಪಾಠ ಇದ್ದದ್ದು ಮಗ್ಗಿಯೊಂದೇ.
ಎರಡೊಂದ್ಲೆ ಎರಡು, ಎರಡೆರಡ್ಲೆ ನಾಲ್ಕು.
ಏಳರ ಮಗ್ಗಿಗೆ ಅಳು ಕುಯ್‌ಗುಟ್ಟುವಿಕೆಯಾಯಿತು,
ಒಂಬತ್ತಕ್ಕೆ ಒಂದು ದೊಡ್ಡ ನಿಟ್ಟುಸಿರು,
ಅಷ್ಟು ಸಣ್ಣ ಎದೆಯಲ್ಲಿ ಎಲ್ಲಿತ್ತೋ.
ಹನ್ನೆರಡರಲ್ಲಿ ಬೆರಳಿನ ಮೇಲೆ ಬೆಚ್ಚನೆ ಗದ್ದ.

ಹದಿಮೂರೊಂದ್ಲೆ ಹದಿಮೂರು,
ಹದಿಮೂರೆರಡ್ಲೆ ಇಪ್ಪತ್ತಾರು...
ಹದಿಮೂರೇಳ್ಲೆ ತೊಂಬತ್ತೊಂದು, ಹದಿಮೂರೆಂಟ್ಲೆ
ಯಾವಾಗಲೂ ತಡವರಿಸುವುದು ಅಲ್ಲೇ,
ಮೂರನೇ ಕ್ಲಾಸಿನಲ್ಲಿ ಗೆಣ್ಣಿಗೆ ಸ್ಕೇಲು ಬಿದ್ದ ಜಾಗ.

"ಹಂಡ್ರೆಡ್ ಅಂಡ್ ಫೋರ್."

ಕತ್ತಲಲ್ಲಿ, ಬಾಗಿಲ ಬಳಿ.
ಎಷ್ಟು ಹೊತ್ತಿನಿಂದ ನಿಂತಿದ್ದಳೋ.
ತಿರುಗಲಿಲ್ಲ ನಾನು.
ಫ್ರಿಜ್ಜಿನ ಕೆಳಗಿನ ಹಸಿರು ದೀಪವನ್ನೇ ನೋಡುತ್ತಿದ್ದೆ.
ರಜಾಯಿ ನೆಲದ ಮೇಲೆ ಎಳೆದ ಸದ್ದು.
ತಣ್ಣಗಿನ ಪಾದವೊಂದು ನನ್ನ ಹಿಮ್ಮಡಿಗೆ ತಾಗಿತು,
ತಾಗಿಯೇ ಇತ್ತು.

"ಮುಂದೆ ಹೇಳು," ಅಂದಳು.

ಹದಿಮೂರೊಂಬತ್ಲೆ
ನೂರ ಹದಿನೇಳು, ಅಂದೆ, ಆದಷ್ಟು ನಿಧಾನ,
ಹತ್ತು ಬೇಗ ಬರದಿರಲೆಂದು.